ಸಲಾಯಿನ್ ತಕ್ಕಡಿ

ಆ ಬೇಸಿಗೆಯಲ್ಲಿ ರೋಣದ ದವಾಖಾನೆಯಲ್ಲಿ ಸಲಾಯಿನ್‌ಗೆ ಕೊರತೆಯಿರಲಿಲ್ಲ. ಅದನ್ನು ಕಾಯುವ ಕಣ್ಣುಗಳಿಗಿತ್ತು. ಬಾಟ್ಲಿ ಬರಿದಾದದ್ದನ್ನು ಗಮನಿಸದಿದ್ದರೆ ನಳಿಗೆಯ ಗಾಳಿ ರೋಗಿಯ ರಕ್ತನಾಳಕ್ಕೆ ಹೋಗಬಹುದು. ನರ್ಸ್ ಎಂದು ಇದ್ದವಳು ಶರೀಫಾಬಿ ಒಬ್ಬಳೇ. ಆದ್ದರಿಂದ ಡಾಕ್ಟರ್ ಅರ್ಜುನಪ್ಪನವರು ಒಮ್ಮೆಗೆ ಇಬ್ಬರಿಗೆ ಮಾತ್ರ ಸಲಾಯಿನ್ ಹಚ್ಚುತ್ತಿದ್ದರು. ಮೂರನೆಯವರು ಬಸ್ಸಿನಲ್ಲಿ ಗದಗಕ್ಕೆ ಹೋಗಬೇಕು. ಕಾಲರಾ ಹಿಡಿದವರಿಗೆ ಆ ದಾರಿ ಬಲು ಉದ್ದ.

ಕಂಪೌಂಡರ್ ಕಳಕಪ್ಪ ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು. ಕಿರಾಣಿ ಅಂಗಡಿಯ ಹಳೆಯ ತಕ್ಕಡಿಯ ದಂಡಿಯನ್ನು ಕಬ್ಬಿಣದ ಕಂಬಕ್ಕೆ ಕೂರಿಸಿ, ಒಂದು ತುದಿಗೆ ಬಾಟ್ಲಿ, ಇನ್ನೊಂದಕ್ಕೆ ಉಸುಕಿನ ಚೀಲ ತೂಗುಹಾಕಿದ. ತಳದಲ್ಲಿ ನಾಲ್ಕು ಗುಟುಕು ಉಳಿದಾಗ ಉಸುಕು ಕೆಳಗಿಳಿದು ಎತ್ತಿನ ಕೊರಳಗಂಟೆಯನ್ನು ಬಾರಿಸಬೇಕು. ಅದೇ ಹೊತ್ತಿಗೆ ಒಂದು ಚಿಮಟ ರಬ್ಬರ್ ನಳಿಗೆಯನ್ನು ಕಚ್ಚಿ ಹಿಡಿಯಬೇಕು. ನೀರು ತುಂಬಿ ಪರೀಕ್ಷಿಸಿದಾಗಲೆಲ್ಲ ಅದು ತಪ್ಪಿರಲಿಲ್ಲ.

ಅಸೂಟಿಯ ಉಡಚವ್ವ ತನ್ನ ಮಗ ನಿಂಗಪ್ಪನನ್ನು ಚಕ್ಕಡಿಯಲ್ಲಿ ಮಲಗಿಸಿ ತಂದ ಬೆಳಿಗ್ಗೆ ಇಬ್ಬರಿಗೆ ಆಗಲೇ ಸಲಾಯಿನ್ ನಡೆದಿತ್ತು. ನಿಂಗಪ್ಪನ ಕಣ್ಣು ಗುಳಿಬಿದ್ದಿದ್ದವು. ನಾಡಿ ಹುಡುಕಿದರೂ ಸಿಗುವಂತಿರಲಿಲ್ಲ.

"ನಿನ್ನ ತಕ್ಕಡೀಗೆ ಹಚ್ಚು," ಎಂದರು ಡಾಕ್ಟರ್. "ಮೊದಲನೇ ಬಾಟ್ಲಿಗೆ ನರ್ಸ್ ಬಾಯಾರು ಬಾಜೂಕ ನಿಂದರಲಿ. ಗಂಟಿ ಹೊಡೀತಂದ್ರ ಇವ ಇಲ್ಲೇ ಇರಲಿ. ಇಲ್ಲಂದ್ರ ಸಂಜಿ ಬಸ್ಸು."

"ಕಂಪೌಂಡರ್ ಸಾಹೇಬ್ರ, ಗಂಟಿ ಕೇಳಿ ಎತ್ತು ಬಂತಂತ ನಾ ಹಿಂಡಿ ಬುಟ್ಟಿ ತಂದ್ರ ಬೈಬ್ಯಾಡ್ರಿ ಮತ್ತ," ಎಂದು ಶರೀಫಾಬಿ ನಕ್ಕಳು.

ಬಾಟ್ಲಿ ಇಳಿಯುತ್ತ ಬಂತು. ನಾಲ್ಕು ಗುಟುಕಿನ ಗುರುತು ದಾಟಿತು. ಗಂಟೆ ಅಲುಗಲಿಲ್ಲ. ಕೊನೆಯ ಹನಿಗಳು ಬಾಟ್ಲಿಯ ಕೊರಳಿಗೆ ಬರುತ್ತಿದ್ದಂತೆ ಶರೀಫಾಬಿ ನಗೆ ಬಿಟ್ಟು ಬೆರಳಿನಿಂದ ನಳಿಗೆಯನ್ನು ಒತ್ತಿ ಹಿಡಿದಳು.

"ಸಂಜಿ ಬಸ್ಸು," ಎಂದಷ್ಟೇ ಹೇಳಿ ಡಾಕ್ಟರ್ ತಿರುಗಿದರು.

ಕಳಕಪ್ಪ ಕೀಲು ನೋಡಿದ, ಸರಾಗವಾಗಿತ್ತು. ಉಸುಕು ಸರಿಯಾಗಿಯೇ ಇತ್ತು. ಬರಿದಾದ ಬಾಟ್ಲಿ ಕಳಚಲು ಕೈ ಚಾಚಿದಾಗ ಗೋಡೆಯ ಬದಿಯಲ್ಲಿ ಏನೋ ತಣ್ಣಗೆ ತಗುಲಿತು. ದಂಡಿಯ ಆ ತುದಿಗೇ ಕರಿದಾರದಲ್ಲಿ ಕಟ್ಟಿದ ದಪ್ಪ ಲಿಂಬೆಹಣ್ಣು.

"ನಾನ ಕಟ್ಟೇನ್ರಿ ಯಪ್ಪಾ," ಎಂದಳು ಉಡಚವ್ವ. "ಬಂದವರೆಲ್ಲಾ ಬಾಟ್ಲೀನ ನೋಡಾಕತ್ತಾರ. ದೃಷ್ಟಿ ಆದ್ರ ನನ್ನ ಮಗನ ಗತಿ ಏನ್ರಿ?"

"ಮೊದ್ಲ ಬಿಚ್ಚು ಅದನ್ನ!" ಡಾಕ್ಟರ್ ಗದರಿದರು. ಅವಳು ಕಂಬಕ್ಕೆ ಅಡ್ಡ ನಿಂತಳು.

ಕಳಕಪ್ಪ ಹಣ್ಣನ್ನು ಅಂಗೈಯಲ್ಲಿ ತೂಗಿದ. ಉಳಿಯಬೇಕಿದ್ದ ಆ ನಾಲ್ಕು ಗುಟುಕಿನ ತೂಕಕ್ಕೂ ಇದರ ತೂಕಕ್ಕೂ ಹೆಚ್ಚು ಅಂತರವಿರಲಿಲ್ಲ. ತಕ್ಕಡಿ ತಪ್ಪಿರಲಿಲ್ಲ, ತನ್ನ ಮೇಲೆ ಹಾಕಿದ್ದನ್ನೆಲ್ಲ ತೂಗಿತ್ತು. ಇಂದು ಬಿಚ್ಚಿಸಿದರೆ ನಾಳೆ ಇನ್ನೊಬ್ಬ ತಾಯಿ ಕಟ್ಟುತ್ತಾಳೆ.

"ಬಿಚ್ಚಬ್ಯಾಡ. ಯವ್ವಾ, ಇಂಥಾದ್ದು ಇನ್ನೊಂದ ಐತೇನು?"

"ಐತ್ರಿ. ಯಾಕ್ರಿ?"

"ಉಸುಕಿನ ಚೀಲಕ್ಕೂ ದೃಷ್ಟಿ ತಾಕಬಾರದಲ್ಲ."

ಶರೀಫಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಳಕಪ್ಪ ಬರಿಯ ದಂಡಿಯ ಎರಡೂ ತುದಿಗೆ ಎರಡು ಹಣ್ಣು ಕಟ್ಟಿ, ಹಗುರಾದದ್ದರ ದಾರಕ್ಕೆ ಸಣ್ಣ ಹರಳು ಸೇರಿಸಿ, ದಂಡಿ ಸಮನಾಗಿ ನಿಲ್ಲುವವರೆಗೆ ಕಾದ. ಆಮೇಲೆ ಉಸುಕಿನ ಚೀಲ ಹಾಕಿ ಎರಡನೆಯ ಬಾಟ್ಲಿ ಏರಿಸಿದ. ಬಸ್ಸಿಗೆ ಇನ್ನೂ ಹೊತ್ತಿತ್ತು, ಡಾಕ್ಟರ್ ಬೇಡವೆನ್ನಲಿಲ್ಲ.

ಸಂಜೆ ಬಸ್ಸು ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು. ಶರೀಫಾಬಿ ಆಚೆಯ ಮಂಚದ ರೋಗಿಗೆ ನೀರು ಕುಡಿಸುತ್ತಿದ್ದಳು. ನಿಂಗಪ್ಪನ ಬಾಟ್ಲಿ ನೋಡುವವರು ಯಾರೂ ಇರಲಿಲ್ಲ. ಆಗ ದವಾಖಾನೆಯ ತುಂಬ ಗಂಟೆ ಮೊಳಗಿತು. ಅಂಗಳದ ಚಕ್ಕಡಿ ಎತ್ತು ತಲೆ ಕೊಡವಿ ತನ್ನ ಗಂಟೆಯಿಂದ ಉತ್ತರ ಕೊಟ್ಟಿತು. ಓಡಿ ಬಂದ ಡಾಕ್ಟರ್ ನೋಡುತ್ತಾರೆ: ಚಿಮಟ ನಳಿಗೆಯನ್ನು ಕಚ್ಚಿತ್ತು, ತಳದಲ್ಲಿ ಸಲಾಯಿನ್ ನಿಂತಿತ್ತು. ಅವರು ನಿಂಗಪ್ಪನ ಮಣಿಕಟ್ಟು ಹಿಡಿದರು. ಈಗ ನಾಡಿಯನ್ನು ಹುಡುಕಬೇಕಾಗಿರಲಿಲ್ಲ.

"ಯವ್ವಾ, ಗಂಜಿ," ಎಂದ ನಿಂಗಪ್ಪ.

"ಬಸ್ಸಿನಾಂವಗ ಹೋಗಂತ ಹೇಳ್ರಿ," ಡಾಕ್ಟರ್ ಕೂಗಿ ಹೇಳಿದರು. "ಕಳಕಪ್ಪಾ, ಎಲ್ಲಾ ಮಂಚಕ್ಕೂ ಇಂಥಾದ್ದೊಂದು ಆಗಬೇಕು."

"ಹಂಗಾದ್ರ ಲಿಂಬಿಹಣ್ಣು ಭಾಳ ಬೇಕಾಗತಾವಲ್ರಿ," ಎಂದಳು ಉಡಚವ್ವ.

"ತಗೊಂಬಾ ಯವ್ವಾ," ಎಂದ ಕಳಕಪ್ಪ. "ಜೋಡಿ ಜೋಡಿ ತಾ."