ಟಗರು ಕುಣಿದದ್ದು

ಬಂದೂಕಿಗೆ ಹೊಸ ದುರ್ಬೀನು ಬೇಕೆಂದಾಗ ಒತೀಲಿಯಾ ಹಟಮಾಡಿ ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದನ್ನೇ ಕೊಂಡಿದ್ದಳು. ಇವತ್ತು ಮೆಕ್ಸಿಕೊದ ಸೊನೋರಾದ ಬೆಳಗಿನ ಬಿಸಿಲಿನಲ್ಲಿ, ಗುರಿ ಹೊಡೆಯುವ ಆಟದ ಎಲ್ಲರಂತೆ ಯಾವ ಆಸರೆಯೂ ಇಲ್ಲದೆ ನಿಂತು ಕಣ್ಣಿಟ್ಟರೆ, ಐನೂರು ಮೀಟರ್ ಆಚೆ ಗುರಿಯಾಗಿ ನಿಲ್ಲಿಸಿದ್ದ ಕಬ್ಬಿಣದ ಟಗರು ಮೂಗಿನೆದುರಿಗೇ ಬಂದು ಕುಣಿಯುತ್ತಿತ್ತು.

"ಮಾವ, ಇದು ಕುಣೀತಿದೆ! ಗಾಳಿಗಾ?"

"ಕಬ್ಬಿಣ ಎಲ್ಲಾದ್ರೂ ಕುಣಿಯುತ್ತೇನಮ್ಮ?" ಎಂದು ನಕ್ಕ ಮಾವ ನಿಕಾನೋರ್. "ಅದು ನಿನ್ನ ಎದೆಬಡಿತ. ಎಣಿಸಿ ನೋಡು."

ಎಣಿಸಿದಳು. ಒಂದೊಂದು ಬಡಿತಕ್ಕೂ ಟಗರು ಒಂದೊಂದು ಸಲ ಜಿಗಿಯಿತು. ಅವಳ ಮೈಯೆಲ್ಲ ಜುಮ್ಮೆಂದಿತು. ಮುಷ್ಟಿಯಷ್ಟು ಹೃದಯ, ಅಷ್ಟು ದೂರದ ಟಗರನ್ನು ಕುಣಿಸುತ್ತಿದೆ!

ಮಾವ ದುರ್ಬೀನಿನ ಬಳೆ ತಿರುಗಿಸಿ ಹನ್ನೆರಡು ಪಟ್ಟಿಗೆ ಇಳಿಸಿದ.

"ಈಗ ನಿಂತಿತು ಮಾವ!"

"ಎದೆಬಡಿತ ಎಲ್ಲಿ ನಿಲ್ಲುತ್ತೆ? ನಿಂತಿದ್ರೆ ನಿನ್ನ ಹೂಳೋಕೆ ಹೋಗ್ಬೇಕಿತ್ತು. ಕಾಣ್ತಿಲ್ಲ, ಅಷ್ಟೇ."

ಭುಜ ನೋಯಬಾರದೆಂದು ಹೋದ ಭಾನುವಾರ ಅವಳು ಹಗುರ ಗುಂಡು ಆರಿಸಿಕೊಂಡಿದ್ದಳು. ಅದು ತಗುಲಿ ಠಣ್ ಎಂದಿತ್ತು, ಟಗರು ಮಾತ್ರ ಅಲುಗಿರಲಿಲ್ಲ. "ಬೀಳಿಸಿದ್ರೇನೇ ಲೆಕ್ಕ. ನೀನು ಬಾಗಿಲು ತಟ್ಟಿ ಬಂದೆ," ಎಂದು ಆಡಿಕೊಂಡಿದ್ದ ಮಾವ. ಇವತ್ತು ಅವನು ಕೊಟ್ಟ ಭಾರದ ಗುಂಡು ತುಂಬಿಸಿ ಹಾರಿಸಿದಳು. ಬಂದೂಕು ಭುಜಕ್ಕೆ ಗುದ್ದಿತು.

ದೂರದಲ್ಲಿ ಟಗರು ಸದ್ದೇ ಇಲ್ಲದೆ ಹಿಂದಕ್ಕೆ ಮಗುಚಿಕೊಂಡಿತು. ಬಡಿದ ಸದ್ದು ಇನ್ನೂ ದಾರಿಯಲ್ಲಿತ್ತು. ಅದು ಬಂದು ತಲುಪುವವರೆಗೆ ಒತೀಲಿಯಾಗೆ ಕೇಳಿಸಿದ್ದು ತನ್ನ ಎದೆಯೊಳಗಿನದು ಮಾತ್ರ: ಒಂದು, ಎರಡು.