ಎರಡನೇ ಬೀಗದ ಕೈ

ಭಾವನ ಕೈಗವಸಿನ ಹೆಬ್ಬೆರಳು ಹರಿದಿತ್ತು. ಅಕ್ಕ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅದಕ್ಕೆ ತೇಪೆ ಹಾಕಿದ್ದಳು. ಹನ್ನೊಂದು ಸಾವಿರ ವೋಲ್ಟಿನ ಕೆಲಸ. ಹನ್ನೆರಡು ಜನ ಲೈನ್‌ಮ್ಯಾನುಗಳಿಗೆ ನಾಲ್ಕು ಜೊತೆ ಕೈಗವಸು. ಅಕಸ್ಮಾತ್ ಕರೆಂಟು ಬಂದರೂ ಕೊಲ್ಲದಂತೆ ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಒಂದೇ ಒಂದಿತ್ತು. ಅದನ್ನೂ ಸ್ಟೇಡಿಯಂ ಒಳಗಿನವರು ಜೀಪಿಗೆ ಹಾಕಿಕೊಂಡು ಹೋಗಿದ್ದರು.

ಇನ್ನು ನಮ್ಮವರ ಜೀವಕ್ಕೆ ಉಳಿದದ್ದು ಒಂದು ಬೀಗ.

ಆ ಬೀಗ ಇದ್ದದ್ದು ನನ್ನ ಸುಪರ್ದಿಯಲ್ಲಿ. ಸ್ಟೇಡಿಯಮ್ಮಿನ ಹಿಂದಿನ ಗೋಡೆಗೆ ಅಂಟಿಕೊಂಡಂತೆ ನಮ್ಮ ಸ್ವಿಚ್ ಯಾರ್ಡು. ಅದರ ನಡುವೆ ನನ್ನ ಎದೆಮಟ್ಟಕ್ಕೆ ಒಂದು ಕಬ್ಬಿಣದ ಹಿಡಿ. ಕೆಳಗೆಳೆದರೆ ಹೊರಗಿನ ಲೈನು ಸಾಯುತ್ತದೆ. ಮೇಲೆ ತಳ್ಳಿದರೆ ಜೀವ ಬರುತ್ತದೆ. ಕಂಬ ಹತ್ತುವವನು ಮೊದಲು ನನ್ನ ಬಳಿ ಬರುತ್ತಾನೆ. ಹಿಡಿ ಕೆಳಗೆಳೆಯುತ್ತಾನೆ, ಬೀಗ ಹಾಕುತ್ತಾನೆ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ನಾನು ರಿಜಿಸ್ಟರಿನಲ್ಲಿ ಹೊತ್ತು ಬರೆಯುತ್ತೇನೆ. ಬೀಗದ ಕೈ ಅವನ ಜೊತೆಗೇ ಕಂಬ ಹತ್ತಬೇಕು, ಅವನ ಜೊತೆಗೇ ಇಳಿಯಬೇಕು. ಅವನು ಅದನ್ನು ನನ್ನ ಅಂಗೈಗಿಟ್ಟು "ತಗೋ ತಂಗಿ, ನೆಲ ಮುಟ್ಟಿದೆ" ಅಂದ ಮೇಲೇ ಹಿಡಿ ಮೇಲೇಳಬೇಕು. ಇದನ್ನು ಯಾವ ಸಾಹೇಬನೂ ಕಲಿಸಿದ್ದಲ್ಲ. ಕೈ ಕಾಲು ಕಳಕೊಂಡವರು ಕಲಿಸಿಹೋದದ್ದು.

ಸ್ಟೇಡಿಯಮ್ಮಿನಲ್ಲಿ ನಡೆಯಲಿದ್ದ ದೊಡ್ಡ ಪಂದ್ಯಕ್ಕೆ ಇನ್ನು ಹನ್ನೊಂದು ದಿನ ಇರುವಾಗ ಎಂಜಿನಿಯರ್ ಸಾಹೇಬರು ನಮ್ಮನ್ನೆಲ್ಲ ಯಾರ್ಡಿನ ಶೆಡ್ಡಿನಲ್ಲಿ ಕೂರಿಸಿದರು. ತಗಡಿನ ಶೆಡ್ಡು. ಬಿಸಿಲು ತಲೆಯ ಮೇಲೇ ಕೂತಂತಿತ್ತು. ಸಾಹೇಬರ ಕೈಯಲ್ಲಿ ಅರವತ್ತೆರಡು ಪುಟದ ದಪ್ಪ ಪುಸ್ತಕ. ಪಂದ್ಯಕ್ಕೆ ಕರೆಂಟು ಹೇಗೆ ಕೊಡಬೇಕು ಅನ್ನುವ ಯೋಜನೆ.

"ಒಂದು ಸೆಕೆಂಡೂ ಕರೆಂಟ್ ಹೋಗಬಾರದು. ಪ್ರಪಂಚವೇ ನೋಡ್ತಿರುತ್ತೆ," ಅಂದರು. "ಮೊದಲನೇ ಲೈನು ಬಿದ್ದರೆ ಎರಡನೇ ಲೈನು ಎತ್ತಿಕೊಳ್ಳಬೇಕು. ಅದೂ ಬಿದ್ದರೆ ಜನರೇಟರು."

"ಎರಡನೇ ಲೈನು ಎಲ್ಲಿಂದ ತರ್ತೀರ ಸಾರ್?" ಅಂತ ಮೇಸ್ತ್ರಿ ಕೇಳಿದರು. ಇಪ್ಪತ್ತೆಂಟು ವರ್ಷ ಕಂಬ ಹತ್ತಿದ ಮನುಷ್ಯ, ಈಗ ಮೊಣಕಾಲು ಮಡಚುವುದಿಲ್ಲ.

"ಗೋಡೆಯಾಚೆ ಕಾಲೋನಿಗೆ ಹೋಗುತ್ತಲ್ಲ, ಅದನ್ನೇ ತಿರುಗಿಸ್ತೀವಿ."

ಆ ಕಾಲೋನಿ ನಮ್ಮದು. ಆ ಲೈನಿನಲ್ಲೇ ನಮ್ಮ ನೀರಿನ ಮೋಟರು ಓಡಬೇಕು, ನಮ್ಮ ಹುಡುಗರು ಓದಬೇಕು.

"ನಮಗೇನ್ ಸಾರ್ ಗತಿ?" ಅಂದ ಸಿಳ್ಳೆ.

ಸಿಳ್ಳೆ ಅಂದರೆ ಭಾವನ ಜೊತೆಗಾರ. ಕಂಬದ ಮೇಲೆ ಕೂತರೆ ಸಿಳ್ಳೆ ಹಾಕುತ್ತಲೇ ಇರುತ್ತಾನೆ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

"ನಿಮಗೆ ಸ್ಟೇಡಿಯಂ ಬೆಳಕು ಗೋಡೆ ದಾಟಿ ಬೀಳುತ್ತಲ್ಲಪ್ಪ, ಸಾಲದಾ?" ಅಂದರು ಸಾಹೇಬರು. ಅವರೊಬ್ಬರೇ ನಕ್ಕರು.

ಪುಸ್ತಕದಲ್ಲಿ ಒಂದು ಪಟ್ಟಿಯಿತ್ತು. ಕರೆಂಟಿಗೆ ಬರಬಹುದಾದ ಅಡಚಣೆಗಳ ಪಟ್ಟಿ. ಅಳಿಲು ತಂತಿಗೆ ಸಿಕ್ಕುವುದು. ಗಾಳಿಪಟದ ದಾರ. ಮರದ ಕೊಂಬೆ. ಕಾಗೆ ಗೂಡು. ಸಾಹೇಬರು ಓದುತ್ತಾ ಹೋದರು. ಒಂಬತ್ತನೆಯದು ಬಂದಾಗ ನಾನು ಬರೆಯುತ್ತಿದ್ದ ಪೆನ್ನು ನಿಂತಿತು.

"ಒಂಬತ್ತು. ಬೀಗದ ಕೈ ಕೆಲಸಗಾರನ ಬಳಿ ಉಳಿದುಬಿಡುವುದರಿಂದ ಆಗುವ ವಿಳಂಬ. ಪರಿಹಾರ: ಪ್ರತಿ ಬೀಗಕ್ಕೂ ಎರಡನೇ ಕೈ ಮಾಡಿಸಿ ಎಂಜಿನಿಯರ್ ವಶದಲ್ಲಿಡುವುದು."

ಅಳಿಲಾಯಿತು, ಕಾಗೆಯಾಯಿತು, ಆಮೇಲೆ ನಾವು.

"ಸಾರ್, ಅದು ವಿಳಂಬ ಅಲ್ಲ. ಅದು ಮೇಲಿರೋ ಮನುಷ್ಯ," ಅಂದ ಭಾವ.

ಭಾವ ಮಾತಾಡುವುದೇ ಕಡಿಮೆ. ದಿನಕ್ಕೆ ಹತ್ತು ಮಾತಾಡಿದರೆ ಅಕ್ಕ "ಇವತ್ತೇನು ಭಾಷಣವಾ" ಅಂತ ರೇಗಿಸುತ್ತಾಳೆ. ಆದ್ದರಿಂದ ಎಲ್ಲರೂ ತಿರುಗಿ ನೋಡಿದರು.

"ಗೊತ್ತಯ್ಯಾ. ಎರಡನೇ ಕೀ ಸುಮ್ಮನೆ ಇರುತ್ತೆ, ಅಷ್ಟೇ. ನಾನೇನು ಕೊಲೆಗಾರನಾ?" ಅಂದರು ಸಾಹೇಬರು.

ಅವರು ಕೊಲೆಗಾರರಲ್ಲ. ಅವಸರದವರು.

ಪಂದ್ಯಕ್ಕೆ ಮೂರು ದಿನ ಇರುವಾಗ ಪರೀಕ್ಷೆ. ಬೇಕೆಂದೇ ಮೊದಲನೇ ಲೈನು ಬೀಳಿಸಿ ಎರಡನೆಯದು ಎತ್ತುತ್ತದೆಯೋ ನೋಡುವುದು. ಸಿಳ್ಳೆ ಹನ್ನೊಂದಕ್ಕೆ ಬಂದು ಬೀಗ ಹಾಕಿದ. ಗೋಡೆಯಾಚೆ ಎರಡನೇ ಲೈನಿನ ಏಳನೇ ಕಂಬದಲ್ಲಿ ಒಂದು ಜೋಡಣೆ ಬಿಗಿಮಾಡುವುದಿತ್ತು.

"ತಂಗಿ, ಅರ್ಧ ಗಂಟೆ ಅಂತ ಬರ್ಕೋ. ನಿನ್ನ ರಿಜಿಸ್ಟರಿಗೆ ಖುಷಿಯಾಗ್ಲಿ."

"ನಿಜವಾಗ್ಲೂ ಎಷ್ಟು ಹೊತ್ತಾಗುತ್ತಣ್ಣ?"

"ಬೋಲ್ಟು ಎಷ್ಟು ಹೊತ್ತು ಅನ್ನುತ್ತೋ ಅಷ್ಟು ಹೊತ್ತು."

ಅರ್ಧ ಗಂಟೆ ಕಳೆಯಿತು. ಒಂದು ಗಂಟೆಯಾಯಿತು. ಗೋಡೆಯಾಚೆಯಿಂದ ಸಿಳ್ಳೆ ಕೇಳುತ್ತಲೇ ಇತ್ತು. ಸಾಹೇಬರ ಜೀಪು ಬಂತು. ಅವರ ಕಿವಿಗೆ ಫೋನು ಅಂಟಿತ್ತು. "ಆಯ್ತು ಸಾರ್, ಈಗಲೇ ಸಾರ್, ಇಲ್ಲೇ ನಿಂತಿದೀನಿ ಸಾರ್." ಅವರಿಗೂ ಮೇಲೊಬ್ಬ ಸಾರ್ ಇದ್ದರು. ಅವರು ಜೇಬಿಗೆ ಕೈ ಹಾಕಿ ಹೊಸ, ಹೊಳೆಯುವ ಬೀಗದ ಕೈ ತೆಗೆದರು.

"ಸಾರ್, ಕೀ ವಾಪಸ್ ಬಂದಿಲ್ಲ," ಅಂದೆ.

"ನನ್ನ ಹತ್ರ ಇದೆಯಲ್ಲಮ್ಮ."

"ಕೀ ಅಲ್ಲ ಸಾರ್, ಮನುಷ್ಯ ಬಂದಿಲ್ಲ. ಸಿಳ್ಳೆ ಕೇಳಿಸ್ತಿದೆ ನೋಡಿ."

"ಹನ್ನೊಂದೂವರೆಗೆ ಮುಗಿಯುತ್ತೆ ಅಂತ ನಿನ್ನ ಅಕ್ಷರದಲ್ಲೇ ಇದೆ. ಈಗ ಹನ್ನೆರಡು. ಮುಗಿಸಿ ಕೆಳಗೆ ಕೂತು ಸಿಳ್ಳೆ ಹೊಡೀತಿರ್ತಾನೆ ಸೋಮಾರಿ. ಸರಿ ಪಕ್ಕಕ್ಕೆ."

ನಾನು ಸರಿದೆ. ಒಂದೇ ಹೆಜ್ಜೆ. ಆ ಒಂದು ಹೆಜ್ಜೆಯನ್ನು ನಾನು ಸಾಯುವವರೆಗೂ ಹಿಂದಕ್ಕೆ ಇಡುತ್ತಲೇ ಇರುತ್ತೇನೆ.

ಹಿಡಿ ಮೇಲೆ ಹೋಯಿತು. ಉರಿಬಿಸಿಲಿನಲ್ಲಿ ಸ್ಟೇಡಿಯಮ್ಮಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಸೂರ್ಯನಿಗೇ ದೀಪ ತೋರಿಸಿದ ಹಾಗೆ. ಒಳಗೆ ಯಾರೋ ಚಪ್ಪಾಳೆ ತಟ್ಟಿದರು.

ಸಿಳ್ಳೆ ನಿಂತಿತ್ತು.

ಸಿಳ್ಳೆ ಬದುಕಿದ. ಎರಡೂ ಕೈಗಳನ್ನು ಮೊಣಕೈವರೆಗೆ ತೆಗೆದರು. ಮರುದಿನ ಸಾಹೇಬರು ನನ್ನ ರಿಜಿಸ್ಟರು ಕೇಳಿ ಪಡೆದು, ತಮ್ಮ ಕೈಯಾರೆ ಒಂದು ಸಾಲು ಬರೆದರು: "ಹನ್ನೆರಡು ಗಂಟೆ, ಬೀಗದ ಕೈ ಹಿಂದಿರುಗಿಸಲಾಗಿದೆ. ಕೆಲಸಗಾರ ಅಜಾಗರೂಕತೆಯಿಂದ ಮತ್ತೆ ಕಂಬ ಹತ್ತಿದ್ದಾನೆ."

"ಇಲ್ಲಿ ಸಹಿ ಹಾಕು."

"ಕೈ ನಡುಗ್ತಿದೆ ಸಾರ್. ನಾಳೆ ಹಾಕ್ತೀನಿ."

"ನಾಳಿದ್ದು ಪಂದ್ಯ. ಅಷ್ಟರೊಳಗೆ ನಡುಕ ನಿಲ್ಲಬೇಕು. ಇಲ್ಲದಿದ್ದರೆ ನಡುಗದವರು ಬೇಕಾದಷ್ಟು ಜನ ಸಿಗ್ತಾರೆ."

ಏಳನೇ ಕಂಬದ ಜೋಡಣೆ ಸುಟ್ಟುಹೋಗಿತ್ತು. ಅದನ್ನು ಬದಲಿಸಬೇಕು. ಹೊಸ ಸಾಮಾನು ಪಂದ್ಯದ ದಿನ ಮಧ್ಯಾಹ್ನವೇ ಬರುವುದಂತೆ. ಹತ್ತುವವರು ಯಾರು? ಸಿಳ್ಳೆಯ ಜೊತೆಗಾರ. ನಮ್ಮ ಭಾವ.

ಪಂದ್ಯದ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅಕ್ಕ ಸಿಕ್ಕಳು. ಕಾಲೋನಿಯ ಲೈನು ತಿರುಗಿಸಿ ಮೋಟರು ಸತ್ತು ನಾಲ್ಕು ದಿನವಾಗಿತ್ತು. ನಲ್ಲಿ ಬರೀ ಬುಸುಗುಟ್ಟುತ್ತಿತ್ತು. ಅಕ್ಕ ಕೊಡ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅವರು ಬೆಳಿಗ್ಗೆಯಿಂದ ಎರಡು ಸಲ ಮುಖ ತೊಳ್ಕೊಂಡ್ರು ಕಣೆ. ಇರೋದೇ ಅರ್ಧ ಕೊಡ ನೀರು."

"ಬೇಡ ಅನ್ನೋಕಾಗಲ್ವಾ ಭಾವಂಗೆ?"

"ಬೇಡ ಅಂದ್ರೆ ಆ ಕಂಬಕ್ಕೆ ಇನ್ನೊಬ್ಬನ್ನ ಹತ್ತಿಸ್ತಾರೆ. ಅವನೂ ಯಾರದೋ ಮನೆಯವನೇ." ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹಳೆಯ ಕಬ್ಬಿಣದ ಬೀಗ, ಅದರ ಕೈ. ನಮ್ಮಮ್ಮನ ಟ್ರಂಕಿನದು. "ತಗೋ. ಸರ್ಕಾರದ ಬೀಗದ ಪಕ್ಕ ಇದನ್ನೂ ಹಾಕು. ಇದಕ್ಕೆ ಎರಡನೇ ಕೀ ಇಲ್ಲ. ಕಳೆದು ಹತ್ತು ವರ್ಷ ಆಯ್ತು. ಯಾವ ಸಾಹೇಬ ಹುಡುಕಿದರೂ ಸಿಗಲ್ಲ."

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಕಳೆದ ಸಲ ಸರಿದೆಯಲ್ಲ, ಈ ಸಲ ನೀನು ಸರಿದರೂ ಬೀಗ ಸರಿಯಲ್ಲ," ಅಂದಳು. ಕೊಡ ಎತ್ತಿಕೊಂಡು ಹೋದಳು. ಖಾಲಿ ಕೊಡ.

ಯಾರ್ಡಿನಲ್ಲಿ ಮೇಸ್ತ್ರಿಗೆ ಬೀಗ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಒಂದು ಬೀಗ ಒಡೀಬಹುದು ಕಣಮ್ಮ," ಅಂದರು. ತಿರುಗಿ ಉಳಿದವರಿಗೆ, "ಏನ್ರೋ, ನಿಮ್ಮ ಮನೆಗಳಲ್ಲಿ ಬೀಗ ಇದಾವೋ, ಇಲ್ಲ ಕದ್ದೊಯ್ಯೋಕೆ ಏನೂ ಇಲ್ಲ ಅಂತ ಹಾಗೇ ಬಿಟ್ಟಿದೀರೋ?"

"ನಮ್ಮನೆ ಬೀಗ ಯಾರು ಕೊಡವಿದ್ರೂ ಬಿಚ್ಚಿಕೊಳ್ಳುತ್ತೆ ಮೇಸ್ತ್ರಿ," ಅಂದ ಒಬ್ಬ.

"ಹಾಗಾದ್ರೆ ಅದು ನಿನ್ನ ಹೆಂಡ್ತಿಗೇ ಇರಲಿ. ಸೈಕಲ್ ಬೀಗ ತಾ."

ಮೂರು ದಿನದಿಂದ ಯಾರೂ ನಕ್ಕಿರಲಿಲ್ಲ. ಈಗ ನಕ್ಕರು. ನಗು ಬೇಗ ನಿಂತಿತು, ಏಕೆಂದರೆ ಸಿಳ್ಳೆಯ ಹೆಂಡತಿ ಗೇಟಿನಲ್ಲಿ ನಿಂತಿದ್ದಳು. ಅಕ್ಕನೇ ಹೇಳಿ ಕಳಿಸಿದ್ದಳಂತೆ. ಆಸ್ಪತ್ರೆಯಿಂದ ನೇರ ಬಂದಿದ್ದಳು. ಒಂದು ಕೈಯಲ್ಲಿ ಮನೆಬಾಗಿಲಿನ ಬೀಗ. ಇನ್ನೊಂದನ್ನು ಬಿಡಿಸಿ ತೋರಿಸಿದಳು. ಸುಟ್ಟು ಕಪ್ಪಾದ ಒಂದು ಬೀಗದ ಕೈ.

"ಆಸ್ಪತ್ರೆಯವರು ಅವರ ಪ್ಯಾಂಟು ಕತ್ತರಿಸಿ ಗಂಟು ಕಟ್ಟಿ ಕೊಟ್ಟಿದ್ರು. ಅದರ ಜೇಬಲ್ಲಿತ್ತು," ಅಂದಳು. "ವಾಪಸ್ ಕೊಟ್ಟರು ಅಂತ ಬರೆದಿದಾರಂತಲ್ಲ, ಅದು ಇದೇನಾ?"

ನಾನು ರಿಜಿಸ್ಟರು ತೆರೆದು ಸಾಹೇಬರ ಆ ಸಾಲಿನ ಮೇಲೆ ಅಡ್ಡ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: "ಸುಳ್ಳು." ಕೆಳಗೆ ನನ್ನ ಸಹಿ ಹಾಕಿದೆ. ಕೈ ನಡುಗಲಿಲ್ಲ.

ಒಂದು ಗಂಟೆಗೆ ಸಾಮಾನು ಬಂತು. ಭಾವ ಹಿಡಿ ಕೆಳಗೆಳೆದ. ಸರ್ಕಾರದ ಬೀಗ ಹಾಕಿದ. ಮೇಸ್ತ್ರಿ ದಪ್ಪ ಸರಪಳಿಯೊಂದನ್ನು ಹಿಡಿಗೂ ಅದರ ಪಕ್ಕದ ಕಬ್ಬಿಣದ ಕಂಬಕ್ಕೂ ಸುತ್ತಿ ಎರಡು ತುದಿ ಕೂಡಿಸಿದರು. ಒಬ್ಬೊಬ್ಬರಾಗಿ ಬಂದು ಬೀಗ ಹಾಕಿದರು. ಪೆಟ್ಟಿಗೆಯ ಬೀಗ, ಸೈಕಲ್ ಬೀಗ, ಅಂಗಡಿ ಬಾಗಿಲಿನ ಬೀಗ, ಊಟದ ಡಬ್ಬಿಗೆ ಹಾಕುವಂಥ ಪುಟ್ಟ ಬೀಗ. ಒಟ್ಟು ಹದಿಮೂರು. ಎಲ್ಲದರ ಕೈಗಳನ್ನೂ ಒಂದು ತಂತಿಗೆ ಪೋಣಿಸಿ ಭಾವನ ಸೊಂಟಕ್ಕೆ ಕಟ್ಟಿದೆವು.

"ಇಷ್ಟೊಂದು ಕೀ ಇಟ್ಕೊಂಡು ಯಾವ ಅರಮನೆಗೆ ಹೊರಟಿರಿ ಭಾವ?" ಅಂದೆ.

"ಏಳನೇ ಕಂಬಕ್ಕೆ," ಅಂದ ಭಾವ.

ಗೋಡೆಯಾಚೆಯಿಂದ ಈಗ ಸಿಳ್ಳೆಯ ಬದಲು ಬೀಗದ ಕೈಗಳ ಸದ್ದು ಕೇಳುತ್ತಿತ್ತು. ಭಾವ ಅಲುಗಾಡಿದಾಗೆಲ್ಲ ಗಿಲಗಿಲ. ಸದ್ದು ನಿಂತಾಗೆಲ್ಲ ನಾನು ಹದಿಮೂರು ಬೀಗಗಳನ್ನೂ ಮತ್ತೆ ಎಣಿಸುತ್ತಿದ್ದೆ.

ಪಂದ್ಯ ಮೂರಕ್ಕೆ. ಎರಡು ಗಂಟೆಗೆ ಒಳಗೆ ಜನ ತುಂಬಿದರು. ಸಾವಿರಾರು ಗಂಟಲುಗಳ ಮೊರೆತ ಗೋಡೆಯನ್ನು ನೂಕುತ್ತಿತ್ತು. ದೊಡ್ಡವರು ಕೂರುವ ಕೋಣೆಗಳ ತಂಪು ಯಂತ್ರಗಳೆಲ್ಲ ಒಟ್ಟಿಗೆ ಶುರುವಾದವು. ಎರಡೂಕಾಲಿಗೆ ಯಾರ್ಡಿನ ಮೂಲೆಯಲ್ಲಿ ಧಡ್ ಅಂತ ಸದ್ದಾಯಿತು. ಮೊದಲನೇ ಲೈನು ಬಿದ್ದಿತ್ತು. ಒಳಗಿನ ಸಂಗೀತ ಅರ್ಧದಲ್ಲೇ ಕತ್ತರಿಸಿದ ಹಾಗೆ ನಿಂತಿತು. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಜೀಪು ಗೇಟಿಗೇ ಗುದ್ದುವಂತೆ ಬಂತು. ಸಾಹೇಬರ ಷರ್ಟು ಬೆನ್ನಿಗೆ ಅಂಟಿತ್ತು. ಹೊಳೆಯುವ ಬೀಗದ ಕೈ ಆಗಲೇ ಬೆರಳಲ್ಲಿತ್ತು. ಸರ್ಕಾರದ ಬೀಗ ತೆಗೆದರು. ಆಮೇಲೆ ಸರಪಳಿ ಕಂಡಿತು.

"ಇದೇನಿದು?"

"ಬೀಗ ಸಾರ್," ಅಂದೆ.

"ಯಾರದು?"

"ಇದು ನಮ್ಮಮ್ಮಂದು. ಅದು ಮೇಸ್ತ್ರಿಯವರದು. ಈ ದೊಡ್ಡದು ಸಿಳ್ಳೆ ಮನೇದು."

"ಕೀ ಎಲ್ಲಿ?"

ನಾನು ಗೋಡೆಯಾಚೆ ಕೈ ತೋರಿಸಿದೆ.

ಫೋನು ಅವರ ಕೈಯಲ್ಲಿ ಬಡಿದುಕೊಳ್ಳುತ್ತಿತ್ತು. "ನಿಮ್ಮನ್ನೆಲ್ಲ ಒಳಗೆ ಹಾಕಿಸ್ತೀನಿ! ಇದು ದೇಶದ ಮರ್ಯಾದೆ ಪ್ರಶ್ನೆ!"

"ಅವರ ಕೈಗಳು ಯಾರ ಮರ್ಯಾದೆ ಸಾರ್?" ಅಂದಳು ಸಿಳ್ಳೆಯ ಹೆಂಡತಿ. ಕೂಗಲಿಲ್ಲ. ಹೊತ್ತು ಎಷ್ಟಾಯಿತು ಅಂತ ಕೇಳಿದ ಹಾಗೆ ಕೇಳಿದಳು.

"ಏ ಡ್ರೈವರ್, ಕಟರ್ ತಗೊಂಬಾ!"

ಡ್ರೈವರು ಜೀಪಿನಿಂದ ಇಳಿದ. ಬೀಗಗಳನ್ನು ನೋಡಿದ. ನಮ್ಮನ್ನು ನೋಡಿದ. "ಕಟರ್ ಆಫೀಸಲ್ಲಿ ಉಳೀತು ಸಾರ್," ಅಂದ. ಸೀಟಿನ ಹಿಂದೆ ಅದರ ಕೆಂಪು ಹಿಡಿಕೆ ನನಗೆ ಕಾಣುತ್ತಿತ್ತು.

"ನಾಳೆಯಿಂದ ನೀನೂ ಬರಬೇಡ!" ಅಂತ ಅವನನ್ನು ಗದರಿ ಸಾಹೇಬರು ನನ್ನ ಕಡೆ ತಿರುಗಿದರು. "ಸರಿ ಪಕ್ಕಕ್ಕೆ!"

ನಾನು ಸರಿಯಲಿಲ್ಲ. ನನ್ನ ಬೆನ್ನಿಗೆ ಹಿಡಿಯ ಕಬ್ಬಿಣ ಸುಡುತ್ತಿತ್ತು.

"ಸಾರ್," ಅಂದೆ, "ಕೆಲಸ ಮುಗಿದರೆ ಮನುಷ್ಯ ಇಳೀತಾನೆ. ಮನುಷ್ಯ ಇಳಿದರೆ ಕೀ ಬರುತ್ತೆ. ಕೀ ಬಂದರೆ ಕರೆಂಟ್ ಬರುತ್ತೆ. ನಿಮ್ಮ ಅರವತ್ತೆರಡು ಪುಟದಲ್ಲಿ ಇದೊಂದು ಬಿಟ್ಟುಹೋಗಿದೆ. ಬರ್ಕೊಳ್ಳಿ."

ಸಾಹೇಬರಿಗೆ ಬೇರೆ ದಾರಿಯಿರಲಿಲ್ಲ. ಹೊರಗೆ ಓಡಿ, ಗೋಡೆ ಸುತ್ತಿ, ಏಳನೇ ಕಂಬದ ಬುಡಕ್ಕೆ ಹೋಗಿ ನಿಂತರು. ನಾವು ಗೇಟಿನಿಂದ ನೋಡುತ್ತಿದ್ದೆವು. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಸಾಹೇಬ ಕತ್ತೆತ್ತಿ ಕಂಬದ ತುದಿ ನೋಡಿದ. ಬಿಸಿಲು ಕಣ್ಣಿಗೆ ಹೊಡೆದು ಹಣೆಗೆ ಕೈ ಅಡ್ಡ ಹಿಡಿದ.

"ಇಳಿಯೋ ಕೆಳಗೆ!"

ಬೀಗದ ಕೈಗಳು ಗಿಲಗಿಲ ಅಂದವು.

"ಇನ್ನೂ ಎರಡು ಬೋಲ್ಟ್ ಇದೆ ಸಾರ್," ಅಂದ ಭಾವ.

ರಸ್ತೆಯ ತಿರುವಿನಲ್ಲಿ ಪೊಲೀಸ್ ವ್ಯಾನು ಕಾಣಿಸಿತು. ಅದರ ಹಿಂದೆ ಇನ್ನೊಂದು. ಮೇಸ್ತ್ರಿ ಮಡಚದ ಮೊಣಕಾಲನ್ನು ಎಳೆದುಕೊಂಡು ಬಂದು ನನ್ನ ಪಕ್ಕ, ಹಿಡಿಗೆ ಬೆನ್ನು ಕೊಟ್ಟು ನಿಂತರು. ಅವರ ಪಕ್ಕ ಸಿಳ್ಳೆಯ ಹೆಂಡತಿ. ಆಮೇಲೆ ಉಳಿದವರು. ಗೋಡೆಯಾಚೆಯ ಸಾವಿರಾರು ಜನ ಏನೂ ತಿಳಿಯದೆ ಕೂಗುತ್ತಿದ್ದರು.

ನಾನು ರಿಜಿಸ್ಟರನ್ನು ಮುಂಗೈ ಮೇಲಿಟ್ಟುಕೊಂಡು ಹೊತ್ತು ನೋಡಿ ಬರೆದೆ: "ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಮನುಷ್ಯ ಮೇಲಿದ್ದಾನೆ."