ಅಕ್ಕ ಬಿಟ್ಟ ಕೋಣೆ

ಹೊನ್ನಾಳಿ, ನ್ಯಾಮತಿ ಕಡೆ ಯಾರಾದರೂ ‘ನೀವೇ ತಗೊಳ್ರಿ’ ಅಂದರೆ ತಗೊಂಡುಬಿಡಬೇಕು ಅಂತ ಅರ್ಥವಲ್ಲ. ಎದುರಿನವರು ‘ಛೇ ಛೇ, ನೀವು ತಗೊಳ್ರಿ’ ಅನ್ನಬೇಕು. ಇವರು ಮತ್ತೊಮ್ಮೆ ಒತ್ತಾಯ ಮಾಡಬೇಕು. ಅವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮೂರನೆಯ ಸುತ್ತಿನ ಹೊತ್ತಿಗೆ ವಸ್ತು ಮೊದಲು ಯಾರದಾಗಿತ್ತೋ ಅವರಿಗೇ ಮರ್ಯಾದೆ ಸಮೇತ ವಾಪಸು ಬರುತ್ತದೆ. ಚಹಾದ ಲೋಟದಿಂದ ಹಿಡಿದು ಬಸ್ಸಿನ ಕಿಟಕಿ ಸೀಟಿನವರೆಗೆ ಇದೇ ಕ್ರಮ.

ಗೋವಾದ ಆ ರೆಸಾರ್ಟಿನ ಕೌಂಟರಿನಲ್ಲಿ ನಿಂತಿದ್ದ ಹುಡುಗಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ಬಸವರಾಜಪ್ಪನವರು ಗೊತ್ತಿಲ್ಲದವರ ಹಾಗೆ ನಡೆದುಕೊಂಡರು. ಕಲ್ಪನಾಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿ.

ಮೆಕ್ಕೆಜೋಳದ ಬೀಜದ ಕಂಪನಿಯೊಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಯವರನ್ನೆಲ್ಲ ಹೆಂಡತಿಯರ ಸಮೇತ ಒಂದೇ ಬಸ್ಸಿಗೆ ತುಂಬಿಕೊಂಡು ನಾಲ್ಕು ದಿನಕ್ಕೆ ಸಮುದ್ರ ತೋರಿಸಲು ಕರೆತಂದಿತ್ತು. ‘ಬೀಜ ಮಾರಿದೋರಿಗೆ ಬೀಚು’ ಎಂದು ಕಲ್ಪನಾಳ ಗಂಡ ಪ್ರವೀಣ್ ಕುಮಾರ್ ಹರಿಹರ ದಾಟುವಷ್ಟರಲ್ಲಿ ನಾಲ್ಕು ಸಲ ಹೇಳಿ ನಾಲ್ಕು ಸಲವೂ ನಗಿಸಿದ್ದ. ನ್ಯಾಮತಿಯಲ್ಲಿ ಅವನದು ಬೀಜ ಗೊಬ್ಬರದ ಅಂಗಡಿ. ಹೊನ್ನಾಳಿಯಲ್ಲಿ ಅಂಥದೇ ಅಂಗಡಿ ಇಟ್ಟಿರುವ ಬಸವರಾಜಪ್ಪ ಅವನ ಷಡ್ಡಕ. ಅಂದರೆ ಕಲ್ಪನಾಳ ಅಕ್ಕ ಪ್ರೇಮಲತಾಳ ಗಂಡ.

ರೆಸಾರ್ಟು ಜಾತ್ರೆಯಂತೆ ತುಂಬಿತ್ತು. ಎರಡು ಮದುವೆ ಗುಂಪು, ಒಂದು ಕಾಲೇಜಿನ ಗುಂಪು, ಬೆಳಗಾಗುವ ಮೊದಲೇ ಟವೆಲ್ ಹಾಸಿ ಮಲಗುಕುರ್ಚಿ ಹಿಡಿಯುವ ಪರದೇಶದವರು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, ಪ್ರವೀಣ್ ಕುಮಾರ್ ಅವರಿಗೆ ಹೇಳಿದ ಕೋಣೆ ಖಾಲಿಯಿಲ್ಲ, ಕ್ಷಮಿಸಬೇಕು, ಅದರ ಬದಲು ಮೇಲ್ದರ್ಜೆಯ ‘ಲಗೂನ್ ವಿಂಗ್’ನಲ್ಲಿ ಕೊಡುತ್ತೇವೆ, ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ ಎಂದು ಹಿಂದಿಯಲ್ಲಿ ಹೇಳಿ ಬಂಗಾರದ ಬಣ್ಣದ ಎರಡು ಕೈಪಟ್ಟಿ ಮುಂದೆ ಇಟ್ಟಳು. ಕಲ್ಪನಾ ಆಗಲೇ ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದ್ದಳು.

ಪ್ರವೀಣನ ಬಾಯಿ ಸುಮ್ಮನಿರಲಿಲ್ಲ. “ನಮ್ಮ ಅಣ್ಣಾರು ಹಿರೇರು. ಅವರೇ ಅಲ್ಲಿರ್ಲಿ,” ಎಂದ.

ಪಕ್ಕದಲ್ಲಿದ್ದ ಬಸವರಾಜಪ್ಪ ಗಂಟಲು ಸರಿಮಾಡಿಕೊಂಡರು. ಎಲ್ಲರೂ ‘ಛೇ ಛೇ’ಗೆ ಕಾದರು.

“ಆಯ್ತು,” ಅಂದರು ಬಸವರಾಜಪ್ಪ, ಹುಡುಗಿಯ ಕಡೆ ಮಣಿಕಟ್ಟು ಚಾಚಿ.

ಹುಡುಗಿ ಟಕ್ಕನೆ ಅವರ ಕೈಗೊಂದು, ಪ್ರೇಮಲತಾಳ ಕೈಗೊಂದು ಪಟ್ಟಿ ಅಂಟಿಸಿಬಿಟ್ಟಳು. ಅವರ ಹೆಸರಿನಲ್ಲಿದ್ದ ೧೧೪ನೇ ನಂಬರಿನ ಬೀಗದ ಕಾರ್ಡೂ ಎರಡು ನೀಲಿ ಪಟ್ಟಿಯೂ ಕಲ್ಪನಾಳ ಕಡೆ ಬಂದವು.

೧೧೪ ಅಡುಗೆಮನೆಯ ಹಿಂದೆ, ಜನರೇಟರಿನ ಮುಂದೆ ಇತ್ತು. ಕಿಟಕಿ ತೆಗೆದರೆ ಸಮುದ್ರದ ಗಾಳಿಯ ಬದಲು ಈರುಳ್ಳಿ ಒಗ್ಗರಣೆಯ ಗಾಳಿ.

“ನಿಮಗ್ಯಾರ್ರೀ ಹೇಳಿದ್ದು ದಾನಶೂರ ಆಗಾಕೆ?” ಎಂದಳು ಕಲ್ಪನಾ, ಬ್ಯಾಗು ಮಂಚಕ್ಕೆ ಒಗೆದು.

“ಒಂದ್ಮಾತಿಗೆ ಅಂದೆ ಕಣೆ. ಆ ಮನುಷ್ಯ ಒಂದೇ ಸುತ್ತಿಗೆ ಔಟಾಗ್ತಾನೆ ಅಂತ ನನಗೇನು ಗೊತ್ತು?” ಎಂದ ಪ್ರವೀಣ. ಆಮೇಲೆ ಅವಳನ್ನು ನಗಿಸಲು ಗಂಟಲು ಸರಿಮಾಡಿಕೊಂಡು, ಗದ್ದ ಎದೆಗೆ ಒತ್ತಿ, ಹೊಟ್ಟೆ ಮುಂದೆ ಮಾಡಿ, ಥೇಟ್ ಬಸವರಾಜಪ್ಪನವರ ದನಿಯಲ್ಲಿ “ಆಯ್ತು” ಎಂದ. ಅವನ ಮಿಮಿಕ್ರಿಗೆ ನ್ಯಾಮತಿಯ ಬಸ್‌ಸ್ಟ್ಯಾಂಡೇ ನಗುತ್ತದೆ. ಕಲ್ಪನಾ ನಗಲಿಲ್ಲ.

ಅವಳಿಗೆ ನೆನಪಾದದ್ದು ಚನ್ನಗಿರಿಯ ತವರುಮನೆ. ಹಬ್ಬಕ್ಕೆ ಹೊಸ ಲಂಗ ಅಕ್ಕನಿಗೆ. ಎರಡು ವರ್ಷ ಕಳೆದು, ಅಂಚು ಬಿಚ್ಚಿ ಮತ್ತೆ ಹೊಲಿದು, ಅದೇ ಲಂಗ ಕಲ್ಪನಾಳಿಗೆ. ಕೊಡೆ ಅಕ್ಕನಿಗೆ, ಕಡ್ಡಿ ಮುರಿದ ಮೇಲೆ ಕಲ್ಪನಾಳಿಗೆ. ಸೈಕಲ್ಲೂ ಹಾಗೇ; ಬೆಲ್ಲು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುವ ಸ್ಥಿತಿಯಲ್ಲಿ ಬಂತು. ಅತ್ತರೆ ಅಕ್ಕನದು ಒಂದೇ ಮಾತು: “ಆಮೇಲೆ ನಿಂಗೇ ಬರ್ತೈತಲ್ಲೇ.” ಈಗ ನಲವತ್ತು ದಾಟಿ, ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿನಲ್ಲಿ, ಜೀವನದಲ್ಲೊಮ್ಮೆ ತನ್ನ ಗಂಡನ ಹೆಸರಿಗೆ ಬಂದ ಹೊಸ ಕೋಣೆ. ಅದೂ ಕಣ್ಣೆದುರಿಗೇ ಅಕ್ಕನ ಕೈಗೆ ಅಂಟಿಕೊಂಡು ಹೋಗಿತ್ತು.

ಮರುದಿನ ಬೆಳಿಗ್ಗೆ ತಿಂಡಿಯ ಹಾಲ್‌ನಲ್ಲಿ ದೋಸೆಗೆ ಪಾಳಿ ಹಚ್ಚಿ ನಿಂತವಳ ಸೀರೆಗೆ ಯಾರದೋ ಮಗು ಕಲ್ಲಂಗಡಿ ಹಣ್ಣು ಒರೆಸಿತು. ಅಷ್ಟರಲ್ಲಿ ಫೋನಿಗೆ ಫೋಟೋ ಬಂತು. ಪ್ರೇಮಲತಾ ಜಗಲಿಯಲ್ಲಿ ಕೂತಿದ್ದಾಳೆ, ಎದುರಿಗೆ ಪುಟ್ಟದೊಂದು ಸ್ವಂತ ಈಜುಕೊಳ, ಟೀಪಾಯಿಯ ಮೇಲೆ ಮುಚ್ಚಳದ ಪಾತ್ರೆಗಳು. ಕೆಳಗೆ ಬರಹ: ‘ಇಲ್ಲೇ ತಂದು ಕೊಡ್ತಾರೆ. ಬಾರೆ ನೋಡ್ಕೊಂಡು ಹೋಗು.’ ತವರಿನವರ ಗ್ರೂಪಿನಲ್ಲಿ ಅದಕ್ಕಾಗಲೇ ಹನ್ನೊಂದು ಚಪ್ಪಾಳೆ ಬಿದ್ದಿದ್ದವು. ಕಲ್ಪನಾ ಹನ್ನೆರಡನೆಯದನ್ನು ಹಾಕಿದಳು. ಹಾಕುವಾಗ ಹೆಬ್ಬೆರಳು ನೋಯುವಷ್ಟು ಒತ್ತಿದಳು.

ನೋಡಬಾರದು ಅಂದುಕೊಂಡೇ ಹೋದಳು. ಲಗೂನ್ ವಿಂಗಿಗೆ ಕ್ರೋಟನ್ ಗಿಡದ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ಕಾವಲಿನವನು. ಅವನು ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ. ಪ್ಲಾಸ್ಟಿಕ್ ಕುರ್ಚಿ ತೋರಿಸಿ ಒಳಗೆ ಫೋನು ಮಾಡಿದ. ಕಲ್ಪನಾ ನೀಲಿ ಪಟ್ಟಿಯನ್ನು ಬಳೆಗಳ ಅಡಿಗೆ ತುರುಕಿ ಕೂತಳು. ಚಿನ್ನದ ಪಟ್ಟಿಯವರು ಅತ್ತ ಇತ್ತ ಓಡಾಡಿದರು. ಇಪ್ಪತ್ತು ನಿಮಿಷವಾಯಿತು.

“ತಲೆಸ್ನಾನ ಮಾಡ್ತಿದ್ನೇ, ಟಬ್ಬಿಂದ ಏಳಾಕೇ ಮನಸಾಗ್ಲಿಲ್ಲ,” ಎನ್ನುತ್ತ ಬಂದಳು ಪ್ರೇಮಲತಾ. ಹೊನ್ನಾಳಿಯಲ್ಲಿ ಮುಡಿದು ಹೊರಟಿದ್ದ ಮಲ್ಲಿಗೆ ದಂಡೆ ಬಾಡಿ ಇನ್ನೂ ಜಡೆಯಲ್ಲೇ ನೇತಾಡುತ್ತಿತ್ತು. ಕಲ್ಪನಾ ಅದನ್ನು ನೋಡಿದಳು, ನುಂಗಿಕೊಂಡಳು.

ಅಕ್ಕ ಕೋಣೆಯನ್ನು ಗೃಹಪ್ರವೇಶದ ಮನೆಯಂತೆ ತೋರಿಸಿದಳು. ಮಂಚದ ಅಗಲ ಅಳೆದು ತೋರಿಸಿದಳು. ಪರದೆ ತಾನಾಗಿಯೇ ಸರಿಯುವ ಗುಂಡಿಯನ್ನು ಮೂರು ಸಲ ಒತ್ತಿದಳು. “ನಿಮ್ಮ ರೂಮಿನಾಗೂ ಟಬ್ಬು ಐತೇನೆ?” ಎಂದು ಕೇಳಿದಳು.

“ಬಕೀಟು ಐತೆ,” ಎಂದಳು ಕಲ್ಪನಾ.

ಹೊರಡುವಾಗ ಪ್ರೇಮಲತಾ “ಇರೇ, ಮುತ್ತೈದೆ ಮನೆಗೆ ಬಂದು ಬರಿಗೈಲಿ ಹೋಗ್ಬಾರ್ದು” ಎಂದು ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ರೆಸಾರ್ಟಿನವರು ಇಟ್ಟಿದ್ದ ಎರಡು ಸೇಬು, ಒಂದು ಬಾಳೆಹಣ್ಣು, ಮೇಲೆ ನಾಲ್ಕು ಪುಟ್ಟ ಸೋಪು ಹಾಕಿ ಉಡಿ ತುಂಬಿದಳು. “ಇಲ್ಲಿ ದಿನಾ ಹೊಸಾದು ಇಡ್ತಾರೆ, ತಗೊಂಡೋಗು.”

ಹಾಗೆ ತನಗೆ ಬರಬೇಕಾಗಿದ್ದ ಕೋಣೆಯಿಂದ, ತನಗೆ ಸಿಗಬೇಕಾಗಿದ್ದ ಸೋಪನ್ನು, ಅತಿಥಿಯಂತೆ ಸೆರಗಿನಲ್ಲಿ ಹೊತ್ತು ಕಲ್ಪನಾ ಜನರೇಟರಿನ ಕಡೆ ನಡೆದಳು. ಅಂದು ಸಮುದ್ರಕ್ಕೆ ಇಳಿದರೂ ಅವಳಿಗೆ ತಂಪಾಗಲಿಲ್ಲ. ಅಲೆ ಬಂದು ಕಾಲ ಕೆಳಗಿನ ಮರಳು ಎಳೆದುಕೊಂಡು ಹೋದಾಗಲೂ ‘ಇದೂ ಅವಳ ಕಡೆಗೇ ಹೋಯ್ತು’ ಅನ್ನಿಸಿತು.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಜಗಳೂರಿನ ಗುರುಸ್ವಾಮಿಯವರ ಹೆಂಡತಿ ಕರಿಬಸಮ್ಮ ಅಂದು ಬೆಳಿಗ್ಗೆ ಕುರ್ಚಿಗಳ ಮೇಲಿದ್ದ ಟವೆಲ್ಲುಗಳನ್ನು ಯಾರೋ ಒಣಹಾಕಿ ಮರೆತದ್ದು ಎಂದು ಹದಿನೇಳನ್ನು ಮಡಿಚಿ ಕೌಂಟರಿಗೆ ಕೊಟ್ಟು ಬಂದಿದ್ದರು. ಪ್ರವೀಣ ಅದಕ್ಕೆ ಪರದೇಶದವರು ಮಾಡಿದ ಗಲಾಟೆಯನ್ನು ಅವರ ದನಿಯಲ್ಲೇ ಆಡಿ ತೋರಿಸುತ್ತಿದ್ದ. ನಗು ನಿಂತಾಗ ಕರಿಬಸಮ್ಮ ಕೇಳಿದರು.

“ಪ್ರೇಮಕ್ಕ, ನೀವಿರೋದು ಭಾಳ ಚಲೋ ರೂಮಂತಲ್ರೀ. ಅದು ಮೊದ್ಲು ಕಲ್ಪನಾರಿಗೆ ಬಂದಿತ್ತಂತೆ ಹೌದೇನ್ರೀ?”

ಹನ್ನೆರಡು ಜೋಡಿ ಕಣ್ಣು ತಿರುಗಿದವು. ಪ್ರೇಮಲತಾ ಮೊಸರನ್ನದಿಂದ ಕೈ ತೆಗೆಯದೆ, ದೊಡ್ಡ ಮನಸ್ಸಿನ ನಗೆ ನಕ್ಕು, “ನಂದೇನು ಅವಳ್ದೇನು, ಎಲ್ಲಾ ಒಂದೇ ರೀ. ಕಲ್ಪನಾ, ಇವತ್ತು ನೀವೇ ಹೋಗಿ ಇರ್ರೇ ಅಲ್ಲಿ. ನಾವು ನಿಮ್ಮ ರೂಮಿನಾಗೆ ಇರ್ತೀವಿ,” ಎಂದಳು.

ಮೊದಲನೆಯ ಸುತ್ತು. ಕಲ್ಪನಾಳ ನಾಲಿಗೆ ಅಭ್ಯಾಸದಂತೆ ‘ಛೇ’ ಎನ್ನಲು ಅಂಗುಳಕ್ಕೆ ತಾಗಿತು. ತಾಗಿದ್ದನ್ನು ಅವಳು ಅಲ್ಲೇ ಹಿಡಿದಳು.

“ಆಯ್ತಕ್ಕಾ,” ಎಂದಳು.

ಪ್ರೇಮಲತಾಳ ಕೈಯಲ್ಲಿದ್ದ ತುತ್ತು ಬಾಯಿಯ ಮುಂದೆ ನಿಂತಿತು. ಬಸವರಾಜಪ್ಪ ಗಂಟಲು ಸರಿಮಾಡಿಕೊಂಡರು, ಆದರೆ ಏನೂ ಹೊರಬರಲಿಲ್ಲ. ಪ್ರವೀಣ ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ನಕ್ಕ. ಕಲ್ಪನಾ ಕೈ ತೊಳೆದವಳೇ ಕೌಂಟರಿಗೆ ನಡೆದಳು, ಅಕ್ಕನನ್ನೂ ಇಬ್ಬರು ಗಂಡಸರನ್ನೂ ಕರೆದುಕೊಂಡೇ. ಎರಡು ಕೋಣೆಯೂ ಕಂಪನಿಯ ಹೆಸರಿನಲ್ಲಿದ್ದುದರಿಂದ ಹುಡುಗಿಗೆ ತಕರಾರಿರಲಿಲ್ಲ. ಕತ್ತರಿ ತಂದು ನಾಲ್ಕು ಪಟ್ಟಿ ಕತ್ತರಿಸಿ, ಬಣ್ಣ ಅದಲುಬದಲು ಮಾಡಿದಳು. ಕೋಣೆ ಗುಡಿಸುವವರು ಇನ್ನು ನಾಳೆ ಬೆಳಿಗ್ಗೆಯೇ ಬರುವುದು ಎಂದಳು.

ಸಂಜೆ ಪ್ರವೀಣ ಗೆಳೆಯರ ಜೊತೆ ದಂಡೆಗೆ ಹೋದ. ಕಲ್ಪನಾ ಒಬ್ಬಳೇ ಕೋಣೆಯ ಬಾಗಿಲು ಹಾಕಿ, ಗುಂಡಿ ಒತ್ತಿ ಪರದೆ ಸರಿಸಿದಳು. ಮತ್ತೊಮ್ಮೆ ಒತ್ತಿದಳು. ಟಬ್ಬಿಗೆ ನೀರು ಬಿಡಲು ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡಳು.

ಕನ್ನಡಿಯಲ್ಲಿ ಅವಳ ಹಣೆಗೆ ಎರಡು ಬಿಂದಿ ಸ್ಟಿಕ್ಕರ್ ಇದ್ದವು. ಒಂದು ಅವಳದು. ಇನ್ನೊಂದು ಗಾಜಿಗೆ ಅಂಟಿದ್ದು, ಮರೂನು ಬಣ್ಣದ್ದು. ಅಕ್ಕ ಮುಖ ತೊಳೆಯುವಾಗ ತೆಗೆದು ಅಂಟಿಸಿ ಮರೆತದ್ದು.

ಆಮೇಲೆ ಎಲ್ಲವೂ ಕಂಡಿತು. ಸೋಪು ಅರ್ಧ ಸವೆದಿತ್ತು. ಟಬ್ಬಿನ ಬದಿಯಲ್ಲಿ ಅಕ್ಕನ ಉದ್ದ ಕೂದಲು. ಶಾಂಪೂ ತಳ ಹಿಡಿದಿತ್ತು. ಮಂಚದ ಮೇಲೆ, ಎಡಗಡೆ, ಅಕ್ಕ ಕೂತ ತಗ್ಗು. ಅಂಚು ಬಿಚ್ಚಿ ಮತ್ತೆ ಹೊಲಿದ ಲಂಗವನ್ನೇ ತಾನು ಮತ್ತೆ ಉಟ್ಟಂತಾಯಿತು ಕಲ್ಪನಾಳಿಗೆ. ಹನ್ನೆರಡು ಜನರ ಮುಂದೆ ಮಾನ ಬಿಟ್ಟು ಗೆದ್ದದ್ದು ಇದನ್ನು.

ಫೋನು ಬಡಿದುಕೊಂಡಿತು. “ಗೇಟಿನ ಹತ್ರ ಇದೀನೇ,” ಎಂದಳು ಪ್ರೇಮಲತಾ. “ನಿಮ್ಮ ಭಾವನ ವಿಭೂತಿ ಗಟ್ಟಿ ಅಲ್ಲೇ ಬಿಟ್ಬಂದೀನಿ. ಬೆಳಿಗ್ಗೆ ಪೂಜೆಗೆ ಬೇಕು. ಇವನು ಒಳಗೆ ಬಿಡ್ತಾ ಇಲ್ಲ.”

“ಬಂದೆ,” ಎಂದು ಕಲ್ಪನಾ ಫೋನಿಟ್ಟಳು. ಗಡಿಯಾರ ನೋಡಿದಳು. ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತು. ಹೊರಗೆ ಬಂದು ಕ್ರೋಟನ್ ಬೇಲಿಯ ಸಂದಿನಿಂದ ನೋಡಿದಳು.

ಅಕ್ಕ ಅದೇ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಚಿನ್ನದ ಪಟ್ಟಿಯವರು ಹಾದುಹೋದರು. ಪ್ರೇಮಲತಾ ಎಡಗೈಯ ನೀಲಿ ಪಟ್ಟಿಯನ್ನು ಮೆಲ್ಲಗೆ ಬಳೆಗಳ ಅಡಿಗೆ ತುರುಕಿದಳು.

ಕಲ್ಪನಾಳಿಗೆ ಆದ ಖುಷಿ ಟಬ್ಬಿನಲ್ಲಿ ಮುಳುಗಿದ್ದರೂ ಆಗುತ್ತಿರಲಿಲ್ಲ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಏಳನೆಯ ನಿಮಿಷಕ್ಕೆ ಅವಳೇ ಗೇಟಿಗೆ ಹೋದಳು.

“ತಲೆಸ್ನಾನ ಮಾಡ್ತಿದ್ದೆ ಅಕ್ಕಾ.”

ಪ್ರೇಮಲತಾ ತಂಗಿಯ ಒಣಗಿದ ಜಡೆ ನೋಡಿದಳು. “ನಿನ್ನೆ ನಂದೂ ಒಣಗೇ ಇತ್ತು ಕಣೆ,” ಎಂದಳು.

ಇಬ್ಬರೂ ಒಳಗೆ ಬಂದರು. ಪ್ರೇಮಲತಾ ವಿಭೂತಿ ತೆಗೆದುಕೊಂಡು ಸೆರಗಿಗೆ ಕಟ್ಟಿ, ಹೋಗದೆ, ಮಂಚದ ಮೇಲೆ ಅದೇ ತಗ್ಗಿನಲ್ಲಿ ಕೂತಳು.

“ಯಾಕೆ ಕೂರಿಸಿದ್ದೆ ಅಷ್ಟೊತ್ತು?” ಎಂದು ಕೇಳಿದಳು ಕಲ್ಪನಾ.

“ನೀನು ಹೊಟ್ಟೆ ಉರ್ಕೊಳ್ಳೋದು ನೋಡಾಕೆ.” ಪ್ರೇಮಲತಾ ಪರದೆಯ ಗುಂಡಿ ಒತ್ತಿದಳು. “ಲಂಗ, ಕೊಡೆ ಅಂತ ನೀನು ಊರಿಗೆಲ್ಲ ಹೇಳ್ತೀಯ. ನೀನು ಹುಟ್ಟಿದ ದಿನ ನನ್ನನ್ನ ಅಮ್ಮನ ಮಗ್ಗಲಿಂದ ಎಬ್ಬಿಸಿ ಅಜ್ಜಿ ಹತ್ರ ಮಲಗ್ಸಿದ್ರು. ಅದು ಮಾತ್ರ ತಿರುಗಿ ನನಗೆ ಬರ್ಲಿಲ್ಲ. ನಾನು ಯಾರಿಗೆ ಹೇಳ್ಲಿ?”

ಅಮ್ಮನ ಮಗ್ಗಲು ಕಲ್ಪನಾಳಿಗೆ ನೆನಪಿತ್ತು. ಅದು ಯಾರೋ ಬಿಟ್ಟದ್ದು ಎಂದು ಗೊತ್ತಿರಲಿಲ್ಲ.

ಅಡುಗೆಮನೆಯ ಕಡೆಯಿಂದ ಜನರೇಟರು ಶುರುವಾದದ್ದು ಇಲ್ಲಿಗೂ ಸಣ್ಣಗೆ ಕೇಳಿತು. ಪ್ರೇಮಲತಾ ಎದ್ದು ನಿಂತಳು. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕಲ್ಪನಾ ಸುತ್ತ ನೋಡಿದಳು. ಹಣ್ಣಿನ ತಟ್ಟೆ ಖಾಲಿಯಿತ್ತು. ಬಾಯಿ ತಾನಾಗಿಯೇ ಆಡಿತು.

“ಅಕ್ಕಾ, ನೀನೇ ಇಲ್ಲಿ ಮಲಗು ಇವತ್ತು. ನಾವು ಆ ರೂಮಿಗೆ ಹೋಗ್ತೀವಿ.”

ಅಕ್ಕ ‘ಆಯ್ತು’ ಅಂದುಬಿಟ್ಟರೆ ಎಂದು ಆಡಿದ ಮೇಲೆ ಹೊಳೆಯಿತು. ಪ್ರೇಮಲತಾ ಮಂಚ ನೋಡಿದಳು, ಪರದೆ ನೋಡಿದಳು, ತಂಗಿಯ ಮುಖವನ್ನು ಬೇಕೆಂದೇ ಬಹಳ ಹೊತ್ತು ನೋಡಿದಳು.

“ಛೇ ಛೇ,” ಎಂದಳು ಕೊನೆಗೆ ಪ್ರೇಮಲತಾ. “ನೀನೇ ಇರೇ.”

ಇನ್ನು ಎರಡನೆಯ ಸುತ್ತಿನ ಒತ್ತಾಯ ಕಲ್ಪನಾಳದು. ಅಕ್ಕ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಕಲ್ಪನಾ ಬಾತ್‌ರೂಮಿನ ಕನ್ನಡಿಯ ಮುಂದೆ ಹೋಗಿ, ಹಣೆಯ ಸ್ಟಿಕ್ಕರ್ ತೆಗೆದು, ಅಕ್ಕನ ಸ್ಟಿಕ್ಕರಿನ ಮಗ್ಗಲಿಗೆ, ಒಂದು ಬೆರಳಷ್ಟು ಮೇಲೆ, ಒತ್ತಿ ಅಂಟಿಸುತ್ತ ನಿಂತಳು.